ಗುರುವಾರ ನೋಡಿದ ಕಾಲೇಜು

ಮುದ್ದೇಬಿಹಾಳದ ಕಡೆಯ ನರ್ಸುಗಳ ನಡುವೆ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. “ಸುನೀತಾಗ ಕೆಲಸಾ ಮಾಡ್ಕೋತ ಡಿಗ್ರಿ ಸಿಗೂದಿತ್ತು. ಆಕಿ ವಾದಾ ಮಾಡಿ ಕೆಡಿಸ್ಕೊಂಡ್ಳು. ಗಂಗಾಬಾಯಿ ಸಿಸ್ಟರ್ ಹೋಗಿ ಕೈಕಾಲ ಬಿದ್ದು ಆಕಿ ಕಾಗದಾ ಬಿಡಿಸ್ಕೊಂಡು ಬಂದ್ರು. ಈಗ ಆಕಿ ಅವರ ಮ್ಯಾಲೇ ಸಂಶೇ ಪಡ್ತಾಳ.” ಇದರಲ್ಲಿ ನಾಲ್ಕು ಹೇಳಿಕೆಗಳಿವೆ. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ಸುಳ್ಳು. ಮೂರನೆಯದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ನಾಲ್ಕನೆಯದು ಮಾತ್ರ ನಿಜ. ಅದಕ್ಕೇ ಬರೆಯಲು ಕೂತಿದ್ದೇನೆ.

ಒಂಬತ್ತು ವರ್ಷ ಸಿಂದಗಿ, ಇಂಡಿ, ಮುದ್ದೇಬಿಹಾಳದ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ಮೂವತ್ತೊಂದಕ್ಕೆ ನಿವೃತ್ತಳಾದೆ. ನಿವೃತ್ತಿ ಎನ್ನಬೇಕಾದರೆ ಅರವತ್ತು ತುಂಬಿರಬೇಕು ಎಂದು ಯಾರಾದರೂ ಆಕ್ಷೇಪಿಸಬಹುದು. ಖಾಸಗಿ ವಾರ್ಡಿನಲ್ಲಿ ಅರವತ್ತರವರೆಗೆ ನಿಂತ ಒಬ್ಬ ನರ್ಸನ್ನು ತೋರಿಸಿ, ಆಮೇಲೆ ಮಾತಾಡೋಣ. ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗೋಡೆ ಗಡಿಯಾರವನ್ನೂ ಕೊಟ್ಟರು. ಗಡಿಯಾರ ಕೊಟ್ಟ ಮೇಲೆ ಅದು ನಿವೃತ್ತಿಯೇ. ಅವತ್ತು ರೇಖಾ ಎಂಬ ಹೊಸ ಹುಡುಗಿ ಮೂಲೆಗೆ ಕರೆದು ಕೇಳಿದಳು, “ಅಕ್ಕಾ, ನಾನೂ ಡಿಗ್ರಿ ಮಾಡಬೇಕಂತೇನಿ. ಯಾವ ಕಾಲೇಜ ಸೇರ್ಲಿ?” ಅವತ್ತು ನಕ್ಕು ಬುಟ್ಟಿಯ ಒಂದು ಹಣ್ಣು ಅವಳ ಕೈಗಿಟ್ಟೆ. ಇದು ಅವಳಿಗೆ ಕೊಡುತ್ತಿರುವ ಉತ್ತರ.

ನನಗೆ ವಾದ ಕಲಿಸಿದ್ದು ಅಪ್ಪ. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡುವಾಗ ಬೆಳಿಗ್ಗೆ ವಿಷಯದ ಪರವಾಗಿ ನಿಲ್ಲಿಸುತ್ತಿದ್ದರು, ಸಂಜೆ ಅದೇ ವಿಷಯದ ವಿರುದ್ಧ. ಅಜ್ಜಿ ಮರಾಠಿಯಲ್ಲಿ ಬೈಯುತ್ತಿದ್ದಳು, ನಾನು ಕನ್ನಡದಲ್ಲಿ ಎದುರುತ್ತರ ಕೊಡುತ್ತಿದ್ದೆ. ಬಸವನ ಬಾಗೇವಾಡಿಯಲ್ಲಿ ಪಿಯುಸಿ ಓದುವಾಗ ಒಂದು ಕಪಾಟಿನ ತುಂಬ ಬಹುಮಾನದ ಕಪ್ಪು ಗೆದ್ದೆ. ಎದುರಿಗಿರುವವರ ಉತ್ತರದಲ್ಲಿ ಬಿರುಕು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಆ ಹೆಮ್ಮೆಯೇ ಮುಂದೆ ನನ್ನನ್ನು ಕೆಡವಿತು. ಅದು ಆಮೇಲೆ.

ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಸಿಂದಗಿಯ ಸಣ್ಣ ಆಸ್ಪತ್ರೆಯೊಂದಕ್ಕೆ. ಹಗಲು ಪಾಳಿ, ಹದಿನಾರು ಹಾಸಿಗೆ, ನಾವು ಇಬ್ಬರು. ಸಂಜೆ ಡಾಕ್ಟರು ರೌಂಡಿಗೆ ಬರುವ ಮುಂಚೆ ಎಲ್ಲರ ನಾಡಿ, ಜ್ವರ, ರಕ್ತದೊತ್ತಡ ಚಾರ್ಟಿನಲ್ಲಿ ಬರೆದಿರಬೇಕು. ಮೂರನೇ ವಾರದ ಒಂದು ದಿನ ಹೊತ್ತಾಗಿಹೋಗಿತ್ತು. ಜೊತೆಯವಳು ದಾರಿ ತೋರಿಸಿದಳು, “ಮುಂಜಾನಿದು ನೋಡು, ಒಂದೆರಡ ಹಿಂದ ಮುಂದ ಮಾಡಿ ಬರಿ.” ಹದಿನಾರೂ ಬರೆದೆ. ಡಾಕ್ಟರು ಬಂದು ಒಂಬತ್ತನೇ ಹಾಸಿಗೆಯ ಚಾರ್ಟು ಕೈಗೆತ್ತಿಕೊಂಡರು.

“ಸಿಸ್ಟರ್, ಈ ಪೇಷಂಟಿನ ನಾಡಿ ಎಪ್ಪತ್ತಾರು ಏನು?”

“ಹೌದ್ರಿ ಸರ್.”

“ಜ್ವರಾ ಇಲ್ಲ?”

“ಇಲ್ರಿ ಸರ್.”

“ಚಲೋ ಆತು. ಮಧ್ಯಾಹ್ನನ ಡಿಸ್ಚಾರ್ಜ್ ಮಾಡಿಸ್ಕೊಂಡು ಊರಿಗೆ ಹೋಗ್ಯಾನ ಅಂವಾ. ಅವನ ಊರ ಮಟಾ ಹೋಗಿ ನಾಡಿ ಹಿಡ್ದು ಬಂದಿ ಅಂದ್ರ, ಭಾಳ ಕಾಳಜಿವಾ ನಿಂದು.”

ಹಾಸಿಗೆ ಖಾಲಿ ಇರುವುದನ್ನು ನಾನು ಕಣ್ಣೆತ್ತಿ ಕೂಡ ನೋಡಿರಲಿಲ್ಲ. ಉಳಿದ ಹದಿನೈದು ರೋಗಿಗಳೂ ನಕ್ಕರು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಒಬ್ಬಾಕೆ ನಗಲಾರದೆ ನಕ್ಕು ನರಳಿದಳು. ಒಂದು ವರ್ಷ ನನ್ನ ಹೆಸರು ‘ಒಂಬತ್ತನೇ ನಂಬರ್’ ಆಗಿತ್ತು.

ಆಮೇಲೆ ಇಂಡಿಯಲ್ಲಿ ಎರಡು ವರ್ಷ. ರೋಗಿಗಳು ಹೋಗುವಾಗ ಚೀಲದ ತುಂಬ ನಿಂಬೆಹಣ್ಣು ಕೊಟ್ಟು ಹೋಗುವ ಊರು. ಪಾದರಸದ ಥರ್ಮಾಮೀಟರು ಹೋಗಿ ಕೀಂ ಎನ್ನುವುದು ಬಂದದ್ದು, ಇಸಿಜಿಯ ಫೋಟೊ ತೆಗೆದು ದೊಡ್ಡ ಡಾಕ್ಟರ ಮೊಬೈಲಿಗೆ ಕಳಿಸಿ ಅವರ ಹೆಬ್ಬೆರಳಿನ ಚಿತ್ರಕ್ಕಾಗಿ ಕಾಯುವುದು ಶುರುವಾದದ್ದು, ಎಲ್ಲ ಅಲ್ಲಿಯೇ. ಹೊಸ ಯಂತ್ರ ಬಂದಾಗಲೆಲ್ಲ ನಮ್ಮ ಕೈ ರೋಗಿಯಿಂದ ಒಂದು ಗೇಣು ದೂರವಾಯಿತು. ಇದನ್ನು ಅಂದು ಗಮನಿಸಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಅದನ್ನು ತೋರಿಸಿಕೊಟ್ಟವರು ಮುದ್ದೇಬಿಹಾಳದ ಗಂಗಾಬಾಯಿ ಸಿಸ್ಟರ್.

ಅವರು ನಮ್ಮ ವಾರ್ಡಿನ ಮುಖ್ಯಸ್ಥೆ. ಆಗ ಐವತ್ತು ದಾಟಿತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದರೆ ವಾರ್ಡಿನ ಆ ತುದಿಯಲ್ಲಿ ಮೊಬೈಲುಗಳು ತಾವಾಗಿಯೇ ಜೇಬಿಗೆ ಇಳಿಯುತ್ತಿದ್ದವು. ಒಂದು ಮಧ್ಯಾಹ್ನ ತಂಗಡಗಿಯ ಕಡೆಯ ಮುದುಕರೊಬ್ಬರು ದಾಖಲಾದರು. ಬೆರಳಿಗೆ ಕ್ಲಿಪ್ಪು ಹಾಕಿ ಯಂತ್ರಕ್ಕೆ ಜೋಡಿಸಿದೆ. ಸ್ವಲ್ಪ ಹೊತ್ತು ಅದು ಕೂಗಿತು, ಆಮೇಲೆ ಸುಮ್ಮನಾಯಿತು. ನಾಡಿ ಎಂಬತ್ತೆರಡು, ಆಮ್ಲಜನಕ ತೊಂಬತ್ತೊಂಬತ್ತು. ಬರೆದುಕೊಂಡೆ. ಗಂಗಾಬಾಯಿ ಸಿಸ್ಟರ್ ಹಾದುಹೋಗುವಾಗ ಮುದುಕರ ಮಣಿಕಟ್ಟು ಹಿಡಿದರು. ಹಿಡಿದವರು ಬಿಡಲಿಲ್ಲ. ಕಂಬಳಿ ಸರಿಸಿದರು. ಕ್ಲಿಪ್ಪು ಇದ್ದದ್ದು ಪಕ್ಕದಲ್ಲಿ ಕೂತಿದ್ದ ಮಗನ ಬೆರಳಿನಲ್ಲಿ!

“ಏನಪಾ ಇದು?”

“ಅದು ಕಳಚಿ ಬಿದ್ದಿತ್ರಿ ಅಕ್ಕಾರ. ಭಾಳ ಒದರಾಕತ್ತಿತ್ತು. ಅಪ್ಪಗ ನಿದ್ದಿ ಕೆಡ್ತೈತಿ ಅಂತ ನಾನ ಹಾಕ್ಕೊಂಡ್ನಿ.”

“ನಿನ್ನ ನಾಡಿ ಭಾಳ ಚಲೋ ಐತಿ. ಎದ್ದ ಹೊರಗ ನಡಿ. ಸುನೀತಾ, ಡಾಕ್ಟರನ್ನ ಕರಿ, ಓಡು!”

ಮುದುಕರು ಉಳಿದರು. ಹತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲ. ಅವತ್ತು ಸಿಸ್ಟರ್ ನನ್ನನ್ನು ಬೈಯಲಿಲ್ಲ. ಚಾರ್ಟಿನಲ್ಲಿ ನಾನು ಬರೆದ ಎಂಬತ್ತೆರಡರ ಮೇಲೆ ಬೆರಳಿಟ್ಟು ಹೇಳಿದರು, “ನಿನ್ನ ಕೈ ಮುಟ್ಟದ ನಾಡಿ ಬರೀಬ್ಯಾಡ. ಮಿಷನ್ ಹೇಳಲಿ, ಡಾಕ್ಟರ್ ಹೇಳಲಿ, ನಾನ ಹೇಳಲಿ.”

ಆ ಕೊನೆಯ ಎರಡು ಪದಗಳನ್ನು ನೆನಪಿಡಿ. ನಾನು ನೆನಪಿಡಲಿಲ್ಲ.

ಗಂಗಾಬಾಯಿ ಸಿಸ್ಟರ್ ಡಿಪ್ಲೊಮಾದ ಮೇಲೆ ಪದವಿಯನ್ನೂ ಮಾಡಿದ್ದರು. ಮಗಳನ್ನು ತವರಿನಲ್ಲಿ ಬಿಟ್ಟು, ಎರಡು ವರ್ಷ ಹಾಸ್ಟೆಲಿನಲ್ಲಿದ್ದು, ದಿನವೂ ತರಗತಿಯಲ್ಲಿ ಕೂತು ಓದಿದ ಪದವಿ. ಒಂದು ಸಲ ಮನೆಗೆ ಕರೆದಿದ್ದಾಗ ತೋರಿಸಿದರು. ನೀಲಿ ಪ್ಲಾಸ್ಟಿಕ್ ಕಡತ, ಅದರ ಮೇಲೊಂದು ಹಳೆಯ ದುಪ್ಪಟಿಯ ತುಂಡು ಸುತ್ತಿದ್ದರು. “ಕಲಿಸಬೇಕಂತ ಮಾಡಿದ್ದೆ,” ಅಂದರು. “ಆಗಲಿಲ್ಲ.” ಯಾಕೆ ಎಂದು ಕೇಳಿದ್ದಕ್ಕೆ ಕಡತವನ್ನು ಮತ್ತೆ ಸುತ್ತಿ ಟ್ರಂಕಿಗೆ ಹಾಕಿದರು. ಪ್ರಶ್ನೆಗೆ ಉತ್ತರ ಕೊಡದಿರುವುದು ಅವರ ಹಳೆಯ ಅಭ್ಯಾಸ.

ನನಗೂ ಕಲಿಸಬೇಕೆಂದಿತ್ತು. ಡಿಪ್ಲೊಮಾ ಮಾತ್ರ ಇದ್ದವಳನ್ನು ನರ್ಸಿಂಗ್ ಶಾಲೆಯವರು ಪಾಠಕ್ಕೆ ಇಟ್ಟುಕೊಳ್ಳುವುದಿಲ್ಲ. ಇನ್ನೆರಡು ವರ್ಷದ ಪದವಿ ಬೇಕು. ಆದರೆ ಮನೆ ನನ್ನ ಕೆಲಸದ ಮೇಲೆ ನಿಂತಿತ್ತು. ಹಾಗಾಗಿ ಎಲ್ಲ ನರ್ಸುಗಳಂತೆ ನಾನೂ ‘ಕೆಲಸ ಮಾಡುತ್ತಲೇ ಪದವಿ’ ಎಂಬ ಹಾದಿ ಹುಡುಕಿದೆ. ಹುಡುಕುವುದೇ ಬೇಕಾಗಿರಲಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನಂಬರು ಯಾರು ಕೊಟ್ಟರೋ, ದಿನಕ್ಕೊಂದು ಫೋನು.

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಒಬ್ಬ ಏಜೆಂಟನನ್ನು ಭೇಟಿಯಾದೆ. ಬಿಳಿ ಅಂಗಿ, ಎರಡು ಮೊಬೈಲು.

“ಅಕ್ಕಾರ, ನೀವು ಡ್ಯೂಟಿ ಬಿಡೂದ ಬ್ಯಾಡ್ರಿ. ಪರೀಕ್ಷಾಕ್ಕ ಬಂದು ಮುಖಾ ತೋರಿಸ್ರಿ, ಸಾಕು.”

“ಹಾಜರಿ?”

“ಅದನ್ನ ಕ್ಲಾರ್ಕ್ ನೋಡ್ಕೋತಾನ್ರಿ.”

“ಕಲಿಯೂದು?”

“ನೀವು ಇಷ್ಟ ವರ್ಷ ಕೆಲಸಾ ಮಾಡೀರಿ. ನಿಮಗ ಕಲಿಸಾವರು ಯಾರ ಅದಾರ್ರಿ?”

“ಹಂಗಾದ್ರ ಕಾಲೇಜ ಯಾಕ ಬೇಕು?”

ಅವನು ನನ್ನನ್ನು ಒಂದು ಸಲ ನೋಡಿ, ಎರಡನೇ ಮೊಬೈಲು ರಿಂಗಾಗದಿದ್ದರೂ ಕಿವಿಗೆ ಹಚ್ಚಿಕೊಂಡು ಎದ್ದು ಹೋದ. ಗೆದ್ದೆ ಅಂದುಕೊಂಡೆ. ಹೀಗೆ ಮೂರು ಕಾಲೇಜುಗಳನ್ನು ಮಾತಿನಲ್ಲೇ ಸೋಲಿಸಿ ಬಿಟ್ಟೆ. ಎಲ್ಲಿಗೂ ಹೋಗಿ ನೋಡಿರಲಿಲ್ಲ, ನೋಡುವ ಮುಂಚೆಯೇ ಅವರು ತಾವಾಗಿ ಸಿಕ್ಕಿಬೀಳುತ್ತಿದ್ದರು.

ನಾಲ್ಕನೆಯ ಕಾಲೇಜಿನ ಹೆಸರು ಹೇಳಿದ್ದು ಗಂಗಾಬಾಯಿ ಸಿಸ್ಟರ್. ಕಾಲೇಜಿನ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಾಳಿಕೋಟೆಯಲ್ಲಿ ಬಸ್ಸು ಬದಲಿಸಬೇಕು, ಅಷ್ಟು ಸಾಕು. “ಚಲೋ ಐತಿ ಅಂತಾರ. ಹೋಗಿ ನೋಡ್ಕೊಂಡು ಬಾ,” ಅಂದರು. ನಾನು ಸೋಮವಾರದ ರಜೆ ಕೇಳಿದೆ.

“ಸೋಮವಾರ ಬ್ಯಾಡ. ಗುರುವಾರ ಹೋಗು.”

ಸೋಮವಾರ ಸಂತೆಗೆ ಬಂದಂತೆ ರೋಗಿಗಳು ಬರುತ್ತಾರೆ, ಅದಕ್ಕೇ ಬೇಡ ಅಂದರು ಎಂದುಕೊಂಡೆ. ಅಂದುಕೊಳ್ಳುವುದಕ್ಕೆ ಕಾರಣವೂ ಇತ್ತು.

ಗುರುವಾರ ಹೋದೆ. ಅಂಥ ಕಾಲೇಜನ್ನು ನಾನು ಎಂದೂ ಕಂಡಿರಲಿಲ್ಲ. ಪ್ರಯೋಗಾಲಯದಲ್ಲಿ ಮನುಷ್ಯನಷ್ಟೇ ಎತ್ತರದ ಬೊಂಬೆಗಳು, ಹೆರಿಗೆ ಕಲಿಸುವ ಬೊಂಬೆ, ಮಗುವಿನ ಬೊಂಬೆ. ಪಕ್ಕದ ಅವರದೇ ಆಸ್ಪತ್ರೆಯಲ್ಲಿ ಎಲ್ಲ ಹಾಸಿಗೆಗಳೂ ತುಂಬಿದ್ದವು. ಬಿಳಿ ಕೋಟಿನ ಒಬ್ಬ ಅಧ್ಯಾಪಕಿಗೆ ಬೇಕೆಂದೇ ಕಷ್ಟದ ಪ್ರಶ್ನೆ ಹಾಕಿದೆ. ಹುಟ್ಟಿದ ಮಗು ಅಳದಿದ್ದರೆ ಮೊದಲ ನಿಮಿಷದಲ್ಲಿ ಏನೇನು ಮಾಡಬೇಕು, ಯಾವ ಕ್ರಮದಲ್ಲಿ? ಒಂದು ಹೆಜ್ಜೆಯೂ ತಪ್ಪದೆ ಹೇಳಿದರು. ಪ್ರಾಂಶುಪಾಲರು ಮಾನ್ಯತೆಯ ಪತ್ರ ತೋರಿಸಿದರು. ಅದು ಅಸಲಿಯೇ. ವಾರಕ್ಕೆ ಮೂರು ದಿನ ತರಗತಿ, ಉಳಿದ ದಿನ ನಿಮ್ಮ ಆಸ್ಪತ್ರೆಯ ಕೆಲಸವೇ ಪ್ರಾಯೋಗಿಕ ತರಬೇತಿ ಎಂದರು. “ಬರದು ಕೊಡ್ತೀರೇನ್ರಿ?” ಅಂದೆ. ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು.

ನನಗೆ ಬೇಕಾದ ಉತ್ತರ ಸಿಕ್ಕ ಕೂಡಲೇ ನಾನು ಪ್ರಶ್ನೆ ನಿಲ್ಲಿಸಿದೆ. ವಾರಕ್ಕೆ ಮೂರು ದಿನದಲ್ಲಿ ಅಷ್ಟು ಪಾಠ ಹೇಗೆ ಮುಗಿಯುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಡಿಪ್ಲೊಮಾದ ಅಂಕಪಟ್ಟಿಗಳು, ನೋಂದಣಿ ಪತ್ರ, ಎಲ್ಲ ಮೂಲಪ್ರತಿಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ಅವರ ಕೈಗೆ ಕೊಟ್ಟು ಸೇರಿಕೊಂಡೆ. ಪರಿಶೀಲನೆಗೆ ಬೇಕು, ವಾರದಲ್ಲಿ ವಾಪಸು ಅಂದಿದ್ದರು. ರೇಖಾ, ಮೂಲಪ್ರತಿಗಳನ್ನು ಎದುರಿಗೆ ತೋರಿಸು, ನಕಲು ಕೊಡು, ಮೂಲ ಎತ್ತಿಕೊಂಡು ಬಾ. ಒಂಬತ್ತು ವರ್ಷದ ನರ್ಸು ಆ ಒಂದು ಲಕೋಟೆಯೊಳಗೆ ಇರುತ್ತಾಳೆ. ಅದಿಲ್ಲದಿದ್ದರೆ ನೀನು ನರ್ಸು ಎಂದು ನಿರೂಪಿಸಲು ನಿನ್ನ ಬಳಿ ಮಾತು ಮಾತ್ರ ಉಳಿಯುತ್ತದೆ.

ಎರಡು ವಾರದ ನಂತರ, ಸೋಮವಾರ, ಮೊದಲ ತರಗತಿಗೆ ಹೋದೆ. ಬಾಗಿಲಲ್ಲಿ ಜವಾನ ಮಲ್ಲಪ್ಪ ಕೂತು ಶೇಂಗಾ ಸುಲಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾದ ಮನುಷ್ಯ.

“ಕ್ಲಾಸ ಎಲ್ಲಿ ನಡದೈತ್ರಿ?”

“ಯಾವ ಕ್ಲಾಸ್ರಿ ಬಾಯಾರ?”

ಪ್ರಯೋಗಾಲಯಕ್ಕೆ ಬೀಗ. ಕಿಟಕಿಯಿಂದ ಇಣುಕಿದರೆ ಬರಿ ಮೇಜು.

“ಗೊಂಬಿ ಎಲ್ಲಿ ಹೋದುವು?”

“ಬ್ಯಾರೆ ಕಾಲೇಜಿಗೆ ಹೋಗ್ಯಾವ್ರಿ. ಅಲ್ಲಿ ಇವತ್ತ ಇನ್ಸ್ಪೆಕ್ಷನ್ ಐತಿ. ಎರಡ ವಾರದ ಹಿಂದ ಗುರುವಾರ ನಮ್ಮಲ್ಲಿ ಇತ್ತಲ್ರಿ, ಆಗ ಇಲ್ಲಿಗೆ ಬಂದಿದ್ದುವು. ಟೆಂಪೋದಾಗ ಕುಂಡರ್ತಾವ, ಇಳೀತಾವ. ನಮಕಿಂತ ಹೆಚ್ಚ ಊರ ನೋಡ್ಯಾವ್ರಿ ಅವು.”

“ಬಿಳಿ ಕೋಟಿನ ಮೇಡಮ್ಮಾರು?”

“ಅವರೂ ಅದ ಟೆಂಪೋದಾಗ ಬಂದಿದ್ರು.” ಮಲ್ಲಪ್ಪ ಒಂದು ಹಿಡಿ ಶೇಂಗಾ ನನ್ನ ಕೈಗಿಟ್ಟ. “ತಿನ್ರಿ. ಬಸ್ಸು ಇನ್ನ ಒಂದ ತಾಸಿಗೆ ಐತಿ.”

ಆಗ ಗುರುವಾರದ ವಾರ್ಡು ಕಣ್ಣ ಮುಂದೆ ಬಂತು. ಎಲ್ಲ ಚಾದರಗಳಲ್ಲೂ ಅಂಗಡಿಯ ಮಡಿಕೆಗಳು. ಶಸ್ತ್ರಚಿಕಿತ್ಸೆಯಾದ ರೋಗಿ ಚಕ್ಕಳಮಕ್ಕಳ ಕೂತು ಚುರುಮುರಿ ತಿನ್ನುತ್ತಿದ್ದದ್ದು. ಕೈಗೆ ಪಟ್ಟಿ ಅಂಟಿಸಿದ್ದರು, ಸಲೈನು ಎಲ್ಲೂ ಇರಲಿಲ್ಲ. ಎಲ್ಲವನ್ನೂ ಕಂಡಿದ್ದೆ. ಆದರೆ ಅವತ್ತು ನಾನು ನರ್ಸಾಗಿ ಹೋಗಿರಲಿಲ್ಲ, ಚರ್ಚಾಪಟುವಾಗಿ ಹೋಗಿದ್ದೆ. ಉತ್ತರಗಳನ್ನು ಪರೀಕ್ಷಿಸಿದೆ, ಒಬ್ಬನ ನಾಡಿಯನ್ನೂ ಮುಟ್ಟಿ ನೋಡಲಿಲ್ಲ.

ಕಚೇರಿಯಲ್ಲಿ ಯಾರೂ ಇರಲಿಲ್ಲ. ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ನನ್ನ ಹೆಸರಿನ ಮುಂದೆ ಸಾಲಾಗಿ ಹಾಜರಿ. ನಾನು ಸೇರುವುದಕ್ಕೆ ಹಿಂದಿನ ವಾರವೂ ನಾನು ತಪ್ಪದೆ ತರಗತಿಗೆ ಬಂದಿದ್ದೆ! ಒಂಬತ್ತನೇ ಹಾಸಿಗೆ ಈ ಸಲ ನಾನೇ.

ಮರುದಿನ ಪ್ರಾಂಶುಪಾಲರ ಮುಂದೆ ಒಂದು ತಾಸು ವಾದ ಮಾಡಿದೆ. ಅವರು ಬರೆದುಕೊಟ್ಟ ಕಾಗದವನ್ನು ಸಾಲು ಸಾಲಾಗಿ ಓದಿದೆ. ಬೇರೆಡೆ ದಿನವೂ ತರಗತಿ ನಡೆಯುವ ಕಾಲೇಜಿಗೆ ಅರ್ಜಿ ಹಾಕುತ್ತೇನೆ, ಮುಂದಿನ ವಾರ ಅಲ್ಲಿ ಮೂಲಪ್ರತಿ ತೋರಿಸಬೇಕು, ನನ್ನ ಲಕೋಟೆ ಕೊಡಿ ಅಂದೆ. ಅವರು ನಗುತ್ತಲೇ ಕೇಳಿಸಿಕೊಂಡರು.

“ಭಾಳ ಚಲೋ ಮಾತಾಡ್ತೀರಿ ಸಿಸ್ಟರ್. ಆದ್ರ ಒಮ್ಮಿ ಸೇರಿದ ಮ್ಯಾಲೆ ಎರಡ ವರ್ಷ ಆಗೂ ಮಟಾ ಕಾಗದಾ ಹೊರಗ ಬರಂಗಿಲ್ರಿ. ನಿಮಗ ಹೆಂಗ ಕಾಗದಾ ಬೇಕಾಗ್ಯಾವೋ ನಮಗೂ ಹಂಗ ಬೇಕಾಗ್ಯಾವು. ಮುಂದಿನ ಇನ್ಸ್ಪೆಕ್ಷನ್ನಿಗೆ ಡಿಗ್ರಿ ಆದ ಟೀಚರ್ ಒಬ್ಬರು ಕಡಿಮಿ ಅದಾರ. ಯಾರರೆ ಇದ್ರ ಹೇಳ್ರಿ, ಆಮ್ಯಾಲೆ ನೋಡೂಣು.”

ಜೀವನದಲ್ಲಿ ಮೊದಲ ಸಲ ನನ್ನ ಎಲ್ಲ ಅಂಶಗಳೂ ಸರಿಯಾಗಿದ್ದೂ ಸೋತು ಬಂದೆ. ವಾರ್ಡಿನಲ್ಲಿ ಗಂಗಾಬಾಯಿ ಸಿಸ್ಟರ್ ಗಾಜ್ ಬಟ್ಟೆ ಮಡಚುತ್ತಿದ್ದರು. ಎಲ್ಲ ಹೇಳಿದೆ, ಪ್ರಾಂಶುಪಾಲರ ಕೊನೆಯ ಮಾತನ್ನೂ ಸೇರಿಸಿ. ಸಿಸ್ಟರ್ ಮಡಚುವುದನ್ನು ನಿಲ್ಲಿಸಲಿಲ್ಲ.

“ನಾಳೆ ಹೋಗೂಣು ನಡಿ,” ಅಂದರು.

ಮರುದಿನ ಇಬ್ಬರೂ ಹೋದೆವು. ಅವರ ಹೆಗಲಿಗೆ ದಿನದ ಕೈಚೀಲವಿತ್ತು. “ನೀ ಹೊರಗ ಇರು. ನೀ ಬಂದ್ರ ಮಾತ ಬೆಳೀತಾವು,” ಎಂದು ಒಬ್ಬರೇ ಒಳಗೆ ಹೋದರು. ನಾನು ಮಲ್ಲಪ್ಪನ ಪಕ್ಕ ಕೂತೆ. ಅವನ ಬುಟ್ಟಿಯ ಶೇಂಗಾ ಅರ್ಧಕ್ಕೆ ಬರುವಷ್ಟರಲ್ಲಿ ಅವರು ಹೊರಗೆ ಬಂದು ನನ್ನ ಲಕೋಟೆಯನ್ನು ಕೈಗಿಟ್ಟರು. ಎಣಿಸಿ ನೋಡಿದೆ. ಒಂದು ಹಾಳೆಯೂ ಕಡಿಮೆ ಇರಲಿಲ್ಲ.

ತಾಳಿಕೋಟೆಯ ಬಸ್ಸಿನಲ್ಲಿ ಕೇಳಿದೆ, “ಏನಂದ್ರಿ ಅವರಿಗೆ?”

“ಏನಿಲ್ಲ. ಮಾತಾಡಿದೆ.”

“ನಾ ಒಂದ ತಾಸ ಮಾತಾಡಿದ್ರೂ ಆಗಲಿಲ್ಲಲ್ರಿ.”

“ನೀ ಗೆಲ್ಲಾಕ ಮಾತಾಡ್ತಿ.”

“ನೀವು?”

“ಕಿಡಕಿ ಹಾಕು. ಧೂಳ ಬರಾಕತ್ತೈತಿ.”

ದಿನವೂ ತರಗತಿ ನಡೆಯುವ ಆ ಇನ್ನೊಂದು ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಮನೆಯ ಖರ್ಚಿಗೆ ಸಾಲ ಮಾಡಿ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಶಾಲು ಹೊದಿಸಿದ್ದು ಸಿಸ್ಟರೇ. ಈಗ ನಾನು ದಿನವೂ ತರಗತಿಯಲ್ಲಿ ಕೂರುತ್ತೇನೆ. ಸೇರುವ ಮುಂಚೆ ಯಾರಿಗೂ ಹೇಳದೆ ಒಂದು ಮಂಗಳವಾರ ಆ ಕಾಲೇಜಿಗೆ ಹೋಗಿದ್ದೆ. ಬೊಂಬೆಗಳ ಮೈ ಮೇಲೆ ಹುಡುಗಿಯರ ಕೈ ಆಡಿ ಆಡಿ ಬಣ್ಣ ಹೋಗಿತ್ತು. ಪ್ರಶ್ನೆಯನ್ನೇ ಕೇಳದೆ ಸೇರಿದೆ. ರೇಖಾ, ನಿನಗೆ ಕೊಡಬಹುದಾದ ಸಲಹೆ ಅಷ್ಟೇ. ಕರೆಯದ ದಿನ ಹೋಗು, ಬೊಂಬೆಯ ಮಣಿಕಟ್ಟು ನೋಡು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಎರಡು ತಿಂಗಳ ಹಿಂದೆ ನಮ್ಮ ನರ್ಸುಗಳ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಆ ಹಳೆಯ ಕಾಲೇಜಿನ ಇನ್ಸ್ಪೆಕ್ಷನ್. ಟೆಂಪೋದ ಬೊಂಬೆಯ ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು ಗಂಗಾಬಾಯಿ ಸಿಸ್ಟರ್ ನಿಂತಿದ್ದಾರೆ. ಅವರ ಮೂರು ಬೆರಳು ಬೊಂಬೆಯ ಮಣಿಕಟ್ಟಿನ ಮೇಲಿವೆ. ಕೆಳಗೆ ಯಾರೋ ಬರೆದಿದ್ದರು, “ನಮ್ಮ ಸಿಸ್ಟರ್ ಮೇಡಂ ಆದ್ರು!”

ಅಪ್ಪ ಕಲಿಸಿದಂತೆ ಎರಡೂ ಪಕ್ಷಗಳನ್ನು ನಾನೇ ಮಂಡಿಸಬಲ್ಲೆ. ಬೆಳಗಿನ ಪಕ್ಷ: ಅವರು ಮೊದಲಿನಿಂದಲೂ ಆ ಕಾಲೇಜಿನವರೇ. ಇಲ್ಲದಿದ್ದರೆ ಸೋಮವಾರ ಬೇಡ, ಗುರುವಾರ ಹೋಗು ಎಂದದ್ದೇಕೆ? ನಾನು ಒಂದು ತಾಸಿನಲ್ಲಿ ಬಿಡಿಸಿಕೊಳ್ಳಲಾಗದ ಲಕೋಟೆ ಅವರಿಗೆ ಅಷ್ಟು ಬೇಗ ಸಿಕ್ಕಿದ್ದು ಹೇಗೆ? ಸಂಜೆಯ ಪಕ್ಷ: ಗುರುವಾರ ಬರಿ ಗುರುವಾರವೇ. ಕಾಲೇಜಿಗೆ ಬೇಕಾಗಿದ್ದು ಪದವಿಯಾದ ಒಬ್ಬರ ಕಾಗದ. ಅದನ್ನು ಸಿಸ್ಟರಿಗೆ ತಿಳಿಸಿದ್ದು ನಾನೇ. ಆ ಬೆಳಿಗ್ಗೆ ಅವರ ಕೈಚೀಲದೊಳಗೆ ಏನಿತ್ತೆಂದು ನಾನು ನೋಡಲಿಲ್ಲ. ಹೊರಗೆ ಬಂದಾಗ ಏನು ಇರಲಿಲ್ಲ ಎಂದೂ ನೋಡಲಿಲ್ಲ. ನನ್ನ ಹಾಳೆಗಳನ್ನು ಎಣಿಸುವುದರಲ್ಲಿದ್ದೆ.

ಬೆಳಗಿನ ಪಕ್ಷ ಗೆದ್ದರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ. ಸಂಜೆಯ ಪಕ್ಷ ಗೆದ್ದರೆ ನನಗಿಂತ ಮುಂಚೆ ಕಲಿಸಬೇಕೆಂದಿದ್ದ ಒಬ್ಬರು ಬೊಂಬೆಯ ಪಕ್ಕ ನಿಂತಿರುವುದು ನನ್ನಿಂದ. ಊಹೆಯನ್ನು ಚಾರ್ಟಿನಲ್ಲಿ ಬರೆಯಬಾರದೆಂದು ಕಲಿಸಿದವರು ಅವರೇ. ಅದಕ್ಕೇ ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಟ್ರಂಕು ಅಲ್ಲೇ ಇತ್ತು, ಅದರ ಮೇಲೆ ಇಸ್ತ್ರಿ ಮಾಡಿದ ಸೀರೆಗಳು. ಚಹಾ ಕೊಟ್ಟರು. ಕೇಳಿದೆ. ಅವರು ಎದ್ದು ಬಟ್ಟಲು ತೊಳೆಯಲು ಒಳಗೆ ಹೋದರು. ಈ ಬರಹ ಅವರ ಕೈಗೆ ಸಿಗುತ್ತದೆ ಎಂದು ಗೊತ್ತು. ಆದ್ದರಿಂದ ಎಲ್ಲರ ಎದುರಿಗೆ ಮತ್ತೆ ಕೇಳುತ್ತೇನೆ.

ಸಿಸ್ಟರ್, ಆ ಟ್ರಂಕಿನ್ಯಾಗ ನಿಮ್ಮ ನೀಲಿ ಕಡತ ಇನ್ನೂ ಐತೇನ್ರಿ?